ಮೇ ತಿಂಗಳ ಹಾಳೆಯಲ್ಲಿ ಉಳಿದ ಕೈ

ಈ ವರ್ಷದ ಜನವರಿ ಮೊದಲ ವಾರ ತಮಿಳುನಾಡಿನಲ್ಲಿ ನೆಲೆಸಿದ, ಕನ್ನಡ ಮನೆಮಾತಿನ ನಮ್ಮ ಜನದ ಸಂಘದ ಕ್ಯಾಲೆಂಡರು ಮನೆಗೆ ಬಂತು. ಅದರ ಮೇ ತಿಂಗಳ ಹಾಳೆಯಲ್ಲಿ ನನ್ನ ತಮ್ಮನ ಮಗಳು ನಂದಿನಿಗೆ ಕಿವಿ ಚುಚ್ಚುತ್ತಿರುವ ಚಿತ್ರವಿದೆ. ಚಿತ್ರ ತೆಗೆದವನು ನಾನು. ಕತ್ತರಿಸಿದವರು ಬೇರೆ.

ಹಾಳೆಯಲ್ಲಿ ಕಾಣುವುದನ್ನು ಇದ್ದ ಹಾಗೆ ಹೇಳುತ್ತೇನೆ. ಅಳುತ್ತಿರುವ ಮಗುವಿನ ಮುಖ. ಕಿವಿಯ ಹತ್ತಿರ ಚುಚ್ಚುವ ಆಸಾರಿಯ, ಅಂದರೆ ಅಕ್ಕಸಾಲಿಗನ ಬೆರಳು. ಮಗುವಿನ ಎದೆಯನ್ನು ಬಳಸಿ ಹಿಡಿದ ಒಂದು ಕೈ. ಆ ಕೈ ಬಿಸಿಲಿಗೆ ಕಪ್ಪಾಗಿದೆ, ಗೆಣ್ಣುಗಳು ದಪ್ಪಗಿವೆ, ಬಳೆ ಇಲ್ಲ, ಅಗಲ ಪಟ್ಟಿಯ ಗಡಿಯಾರವಿದೆ. ಕೈಯ ಹಿಂದೆ ಹೆಗಲಿಲ್ಲ, ಮುಖವಿಲ್ಲ. ಚಿತ್ರದ ಬಲಮೂಲೆಯಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಸಂಘದ ಅಧ್ಯಕ್ಷ ರಾಜೇಂದ್ರನ್ ಅವರ ನಗುಮುಖ. ಕೆಳಗೆ ತಮಿಳಿನಲ್ಲಿ ಒಂದು ಸಾಲು, ತಾಯ್ಮಾಮನ ಮಡಿಲಲ್ಲಿ ಕುಮಾರಿ ನಂದಿನಿ ಎಂದು. ತಾಯ್ಮಾಮನೆಂದರೆ ತಾಯಿಯ ಒಡಹುಟ್ಟಿದವನು, ಸೋದರಮಾವ.

ಅಂದು ರಾಜೇಂದ್ರನ್ ಅಲ್ಲಿ ಇದ್ದದ್ದು ನಿಜ. ಪಂಕ್ತಿಯ ಮೊದಲ ಎಲೆಯಲ್ಲಿ ಊಟಕ್ಕೆ ಕೂತಿದ್ದರು.

ನಾನು ದಿಂಡಿಗಲ್ಲಿನ ಒಂದು ದಿನಪತ್ರಿಕೆಯಲ್ಲಿ ಫೋಟೋ ನೋಡುವ ಮೇಜಿನಲ್ಲಿ ಬಹಳ ವರ್ಷಗಳಿಂದ ಕೂತಿದ್ದೇನೆ. ನೋಡುವುದು ಎಂದರೆ ಮುಖ್ಯವಾಗಿ ಕತ್ತರಿಸುವುದು. ದಿನವೂ ರಾಶಿ ಚಿತ್ರಗಳು ಬರುತ್ತವೆ, ಎಲ್ಲವೂ ಇರಬೇಕಾದ್ದಕ್ಕಿಂತ ದೊಡ್ಡವು. ಉದ್ಘಾಟನೆಯ ಚಿತ್ರವಾದರೆ ರಿಬ್ಬನ್ನಿನ ಎರಡೂ ಕಡೆ ಇಡೀ ತಾಲ್ಲೂಕು ನಿಂತಿರುತ್ತದೆ. ಒಂದು ಕಾಲಮ್ಮಿಗೆ ಒಂದು ಮುಖ, ಎರಡು ಕಾಲಮ್ಮಿಗೆ ಮೂರು ಮುಖ. ನಾಲ್ಕನೆಯವರ ಅಣ್ಣನೋ ಭಾವನೋ ಮರುದಿನ ಕಚೇರಿಯ ಮೆಟ್ಟಿಲು ಹತ್ತಿ ಬರುತ್ತಾರೆ. ಅವರಿಗೆ ಕುರ್ಚಿ ಕೊಟ್ಟು ಚಹಾ ತರಿಸುವುದೂ ನನ್ನ ಕೆಲಸದ ಭಾಗ.

ಕೆಲಸ ಕಲಿಸಿದ ಹಿರಿಯರೊಬ್ಬರಿದ್ದರು. ಮಾತು ಕಮ್ಮಿ, ಬೈಗುಳ ಹೆಚ್ಚು. ಅವರು ಹೇಳಿಕೊಟ್ಟದ್ದನ್ನು ಇವತ್ತಿಗೂ ಹೊಸಬರಿಗೆ ಹೇಳುತ್ತೇನೆ. ಕುತ್ತಿಗೆಯಲ್ಲಿ ಕತ್ತರಿಸಬಾರದು, ಮಣಿಕಟ್ಟಿನಲ್ಲಿ ಕತ್ತರಿಸಬಾರದು. ಒಂದು ಕೈ ಚೌಕಟ್ಟಿನೊಳಗೆ ಬಂದರೆ ಅದರ ಒಡೆಯನನ್ನೂ ಒಳಗೆ ಕರೆದುಕೋ, ಆಗದಿದ್ದರೆ ಕೈಯನ್ನೂ ಹೊರಗೆ ಹಾಕು. ಕಂಬ, ಮೈಕು, ಪ್ಲಾಸ್ಟಿಕ್ ಕುರ್ಚಿ, ನೀರಿನ ಬಾಟಲಿ ಹೋಗಲಿ. ನಡೆದ ಸಂಗತಿ ಹೋಗಬಾರದು.

ಈ ಅಭ್ಯಾಸ ಕಚೇರಿಯಲ್ಲೇ ನಿಲ್ಲುವುದಿಲ್ಲ ಎನ್ನುವುದು ನನ್ನ ಹೆಂಡತಿಯ ದೂರು. ಮದುವೆಮನೆಯಲ್ಲಿ ಯಾರಾದರೂ ಮಾತಾಡಿಸಿದರೆ ನಾನು ಅವರ ಮುಖದ ಸುತ್ತ ನಾಲ್ಕು ಗೆರೆ ಎಳೆದು ನೋಡುತ್ತೇನಂತೆ. ಇದ್ದರೂ ಇರಬಹುದು. ಅವ್ವನಿಗಂತೂ ಮಗ ಪೇಪರಿನಲ್ಲಿ ಏನು ಕೆಲಸ ಮಾಡುತ್ತಾನೆ ಎಂಬುದು ಇವತ್ತಿಗೂ ತಿಳಿದಿಲ್ಲ. ಯಾರೋ ಕೇಳಿದಾಗ ಕ್ರಾಪು ಮಾಡ್ತಾನೆ ಎಂದಿದ್ದಳು. ಕೇಳಿದಾತ ನಾನು ಕ್ಷೌರದ ಅಂಗಡಿ ಇಟ್ಟಿದ್ದೇನೆಂದು ತಿಳಿದು, ದಿಂಡಿಗಲ್ಲಿಗೆ ಬಂದಾಗ ಬರುತ್ತೇನೆ ಎಂದು ಹೇಳಿಹೋಗಿದ್ದ. ಪತ್ರಿಕೆಯಲ್ಲಿ ವರ್ಷಕ್ಕೊಮ್ಮೆ ನನ್ನ ಹೆಸರಿನ ಪಕ್ಕ ಬರುವ ಚಿಕ್ಕ ಚಿತ್ರದಲ್ಲಿ ನನಗೆ ತಲೆತುಂಬ ಕೂದಲಿದೆ. ಅದನ್ನು ಬದಲಿಸಲು ನನಗೇ ಇನ್ನೂ ಸಮಯ ಸಿಕ್ಕಿಲ್ಲ.

ನಮ್ಮ ಬಂಧುಬಳಗದಲ್ಲಿ ಯಾರಿಗೆ ಫೋಟೋದ ತೊಂದರೆ ಬಂದರೂ ನನಗೇ ಕರೆ. ಪರೀಕ್ಷೆಯ ಅರ್ಜಿಗೆ ಫೋಟೋ ಇಷ್ಟು ಕೆಬಿಗಿಂತ ಕಮ್ಮಿ ಇರಬೇಕು, ಇಷ್ಟಕ್ಕಿಂತ ಹೆಚ್ಚೂ ಇರಬೇಕು. ಸಹಿಯದು ಇನ್ನೂ ಚಿಕ್ಕದು. ಕೊನೆಯ ದಿನ ಸಂಜೆ ಹುಡುಗಿಯೊಬ್ಬಳು ತೇಣಿಯ ಬ್ರೌಸಿಂಗ್ ಸೆಂಟರಿನಿಂದ ಫೋನ್ ಮಾಡಿ ಅಳುತ್ತಾಳೆ. ಪಾಸ್‌ಪೋರ್ಟಿಗೆ ಎರಡೂ ಕಿವಿ ಕಾಣಬೇಕು. ವಾಟ್ಸ್ಯಾಪಿನ ಡಿಪಿಯಲ್ಲಿ ಎರಡೂ ಕಿವಿ ಹೋಗುತ್ತವೆ, ಯಾಕೆಂದರೆ ಅದು ದುಂಡಗೆ. ಸ್ಟೇಟಸ್ಸಿಗೆ ಉದ್ದ, ಕ್ಯಾಲೆಂಡರಿಗೆ ಅಡ್ಡ, ಬಾಗಿಲಿಗೆ ಕಟ್ಟುವ ಫ್ಲೆಕ್ಸಿಗೆ ಕೇಳಿದಷ್ಟು. ಫ್ಲೆಕ್ಸಿನದೇ ಬೇರೆ ಶಾಸ್ತ್ರ. ಅಲ್ಲಿ ಯಾರ ತಲೆ ಎಷ್ಟು ದೊಡ್ಡದು ಎಂಬುದು ನಂಟಿನ ಮೇಲೆ ನಿಂತಿದೆ. ಮಾವನ ತಲೆ ಚಿಕ್ಕಪ್ಪನ ತಲೆಗಿಂತ ಚಿಕ್ಕದಾಗಿ ಬಂದರೆ ಊಟ ಮಾಡದೆ ಎದ್ದುಹೋಗುವವರನ್ನು ನಾನು ನೋಡಿದ್ದೇನೆ.

ಮಾವನ ತಲೆ ಎಂದಾಗ ಲಿಂಗಯ್ಯ ಮಾಮ ನೆನಪಾಗುತ್ತಾನೆ. ನನ್ನ ಅವ್ವನ ತಮ್ಮ. ನನ್ನ ಕಿವಿ ಚುಚ್ಚಿದ್ದು ಅವನ ಮಡಿಲಲ್ಲಿ. ನಮ್ಮದು ವೇದಸಂದೂರಿನ ಕಡೆ. ಅಂದು ಪೇಟೆಯ ಸ್ಟುಡಿಯೋದವನು ಸೈಕಲ್ಲಿನಲ್ಲಿ ಬಂದು ಒಂದೇ ಒಂದು ಚಿತ್ರ ತೆಗೆದು, ಬೆಲ್ಲದನ್ನ ತಿಂದು ಹೋಗಿದ್ದ. ಕಪ್ಪುಬಿಳುಪು. ಆ ಚಿತ್ರ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ನಾನು ಬಾಯಿ ತೆರೆದು ಅಳುತ್ತಾ ಒಬ್ಬ ತಲೆಯಿಲ್ಲದ ಮನುಷ್ಯನ ತೊಡೆಯ ಮೇಲೆ ಕೂತಿದ್ದೇನೆ.

ತಲೆ ಇರಬೇಕಾದಲ್ಲಿ ಅಚ್ಚುಕಟ್ಟಾದ ಚೌಕಾಕಾರದ ತೂತು ಇದೆ. ಮಾಮನಿಗೆ ಯಾವುದೋ ಸರಕಾರಿ ಅರ್ಜಿಗೆ ಫೋಟೋ ಬೇಕಾಯಿತು. ಅವನ ಜನ್ಮದಲ್ಲಿ ಅವನದೆಂದು ಇದ್ದದ್ದು ಅದೊಂದೇ ಪಟ. ಅವ್ವ ರವಿಕೆ ಹೊಲಿಯುವ ಕತ್ತರಿ ತಗೊಂಡು ತಮ್ಮನ ತಲೆಯನ್ನು ತೆಗೆದುಕೊಟ್ಟಳು. ಅರ್ಜಿಗೆ ಅಂಟಿಸಿ, ಆಮೇಲೆ ಹಿಂದಕ್ಕೆ ಪಡೆದ ಆ ತುಂಡಿನ ಕೆಳಮೂಲೆಯಲ್ಲಿ ನನ್ನ ಕೂದಲು ಸ್ವಲ್ಪ ಉಳಿದಿತ್ತು. ಮಾಮ ತೀರಿಕೊಂಡಾಗ ಆ ತುಂಡನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು, ಕೂದಲು ಸಮೇತ. ಈಗಲೂ ಮಾಮನ ಚಿತ್ರಕ್ಕೆ ಹೂವಿಟ್ಟಾಗ ನನ್ನ ನೆತ್ತಿಗೂ ಒಂದೆರಡು ಎಸಳು ಬೀಳುತ್ತವೆ.

ಚಿಕ್ಕವನಾಗಿದ್ದಾಗ ಆ ತೂತಿನ ಪಟ ನೋಡಿ ಯಾರೂ ನಗದೆ ಇರುತ್ತಿರಲಿಲ್ಲ. ಆದರೆ ಅದು ಯಾರ ತೊಡೆ ಎಂದು ಯಾರೂ ಕೇಳಲಿಲ್ಲ. ಆ ತೂತಿನಲ್ಲಿ ಬೇರೆ ಯಾರ ತಲೆಯನ್ನೂ ಯಾರೂ ಇಡಲಿಲ್ಲ.

ನಂದಿನಿಯ ವಿಷಯಕ್ಕೆ ಬರುತ್ತೇನೆ. ತಮ್ಮ ಮುರುಗೇಶನಿಗೆ ತೇಣಿಯಲ್ಲಿ ಏಲಕ್ಕಿ ವ್ಯಾಪಾರ. ಅವನ ಹೆಂಡತಿ ಸೆಲ್ವಿಯ ತವರು ಕಂಬಂ ಕಣಿವೆಯ ಓಡೈಪಟ್ಟಿ. ಅವಳಿಗೆ ಅಣ್ಣತಮ್ಮಂದಿರಿಲ್ಲ, ಇರುವವಳು ಒಬ್ಬಳೇ ಅಕ್ಕ, ಬೊಮ್ಮಕ್ಕ. ಅಪ್ಪ ಹೋದ ಮೇಲೆ ದ್ರಾಕ್ಷಿ ತೋಟ ನಡೆಸಿದವಳು, ತಂಗಿಯನ್ನು ಓದಿಸಿದವಳು, ಮದುವೆ ಮಾಡಿದವಳು ಬೊಮ್ಮಕ್ಕನೇ. ತಾನು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ದ್ರಾಕ್ಷಿಬಳ್ಳಿಗೆ ಔಷಧಿ ಹೊಡೆಯುವ ದಿನ ಹುಡುಗನ ಕಡೆಯವರು ಬಂದಿದ್ದರು, ಬಿಡುವಿರಲಿಲ್ಲ ಎನ್ನುತ್ತಾಳೆ. ಮೈಲುತುತ್ತ ಕಲಸಿ ಕಲಸಿ ಅವಳ ಉಗುರಿನ ಬುಡಗಳು ನೀಲಿಯಾಗಿವೆ.

ನಮ್ಮಲ್ಲಿ ಕಿವಿ ಚುಚ್ಚುವಾಗ ಮಗು ಸೋದರಮಾವನ ಮಡಿಲಲ್ಲಿರಬೇಕು. ಅವನ ತಲೆಗೆ ರುಮಾಲು ಕಟ್ಟಿ ಕೂರಿಸುತ್ತಾರೆ. ಒಮ್ಮೆ ಹಾಗೆ ಕೂತವನು ಆ ಮಗುವಿಗೆ ಕಡೆತನಕ ಮಾವ. ಅವಳು ದೊಡ್ಡವಳಾದಾಗ ಮೊದಲ ಸೀರು ಹೊತ್ತು ಬರುವವನು ಅವನು, ಮದುವೆಯಲ್ಲಿ ಕೈ ಹಿಡಿದು ಮಣೆಗೆ ಕರೆತರುವವನು ಅವನು. ಸೀರೆಂದರೆ ತಟ್ಟೆತಟ್ಟೆಯಾಗಿ ತರುವ ಬಟ್ಟೆ, ಹಣ್ಣು, ಒಡವೆ. ಸೋದರಮಾವ ಇಲ್ಲದ ಮನೆಯಲ್ಲಿ ತಾಯಿಯ ದಾಯಾದಿಗಳಲ್ಲಿ ಒಬ್ಬನನ್ನು ಕೂರಿಸುವುದು ವಾಡಿಕೆ. ಸೆಲ್ವಿಯ ಅಪ್ಪನ ದಾಯಾದಿಗಳ ಸಾಲಿನಲ್ಲಿ ಹುಡುಕಿದರೆ ಸಿಗುವವರು ರಾಜೇಂದ್ರನ್. ಅವರು ಜರಿಪಂಚೆ ಉಟ್ಟೇ ಬಂದಿದ್ದರು.

ಹಸೆಮಣೆ ಹಾಕಿದಾಗ ಬೊಮ್ಮಕ್ಕ ಯಾರನ್ನೂ ಕೇಳದೆ ಹೋಗಿ ಕೂತಳು. ಸೀರಿನ ತಟ್ಟೆಗಳನ್ನೆಲ್ಲ ಅವಳೇ ತಂದಿದ್ದಳು. ಗಂಡಸರ ನಡುವೆ ಗುಸುಗುಸು ಶುರುವಾಯಿತು. ಯಾರೋ ರುಮಾಲು ಏನು ಮಾಡುವುದು ಎಂದರು. ನನ್ನ ಅವ್ವ ಎದ್ದು, ರುಮಾಲನ್ನು ಕೈಗೆ ತಗೊಂಡು, ಬೊಮ್ಮಕ್ಕನ ತುರುಬಿನ ಮೇಲೆ ಸುತ್ತಿದಳು.

"ಸಾಕಿದ ಕೈ ಇದು. ಹಿಡಿಯಕ್ಕೆ ಬ್ಯಾರೆ ಕೈ ಯಾಕೆ? ಆಸಾರಿ, ನೀ ಚುಚ್ಚಪ್ಪ," ಎಂದಳು.

ಆಸಾರಿ ಚುಚ್ಚಿದ. ಮಗು ಅತ್ತಿತು. ನಾನು ಚಿತ್ರ ತೆಗೆದೆ. ಚಿನ್ನಾಳಪಟ್ಟಿಯ ಸುಂಗುಡಿ ಸೀರೆ, ತಲೆಯ ಮೇಲೆ ಕೆಂಪಂಚಿನ ರುಮಾಲು, ತುಟಿ ಬಿಗಿಹಿಡಿದು ಮಗುವಿನ ನೆತ್ತಿಯನ್ನೇ ನೋಡುತ್ತಿರುವ ಬೊಮ್ಮಕ್ಕ. ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡ ಸೆಲ್ವಿ. ಎಡಕ್ಕೆ ಒಂದು ಕಂಬ. ಕಂಬವೊಂದು ಇಲ್ಲದಿದ್ದರೆ ನಾನು ತೆಗೆದ ಒಳ್ಳೆಯ ಚಿತ್ರಗಳಲ್ಲಿ ಅದನ್ನು ಮೊದಲು ಇಡುತ್ತಿದ್ದೆ. ಅಂದೇ ಸಂಜೆ ತಮ್ಮನ ವಾಟ್ಸ್ಯಾಪಿಗೆ ಕಳಿಸಿದೆ. ಅಲ್ಲಿಂದ ಅದು ಆರು ತಿಂಗಳ ನಂತರ ಕ್ಯಾಲೆಂಡರಿಗೆ ಹೋದದ್ದು ನನಗೆ ತಿಳಿಯಲಿಲ್ಲ.

ಕ್ಯಾಲೆಂಡರು ಬಂದ ವಾರವೇ ತೇಣಿಗೆ ಹೋದೆ. ತಮ್ಮ ಅಂಗಡಿಯಲ್ಲಿ ಏಲಕ್ಕಿ ಜರಡಿ ಹಿಡಿಸುತ್ತಿದ್ದ. ದೊಡ್ಡ ಕಾಯಿ ಒಂದು ಕಡೆ, ಸಣ್ಣ ಕಾಯಿ ಒಂದು ಕಡೆ. ನನ್ನ ಕೈಯಲ್ಲಿ ಹಾಳೆ ಕಂಡು, ಕೇಳುವ ಮೊದಲೇ ಉತ್ತರ ಕೊಟ್ಟ.

"ಸೈಜು ಪತ್ತಲಿಲ್ಲ ಅಣ್ಣಾ. ಕ್ಯಾಲೆಂಡರ್‌ದು ಅಡ್ಡ ಕಟ್ಟಂ, ನಿಂದು ಉದ್ದ ಪಟ. ಪ್ರೆಸ್‌ನವ್ರು ಇಟ್ಟು ನೋಡ್ದಾಗ ತಲೆ ಹೋಯ್ತು."

ಈ ಉತ್ತರವನ್ನು ಬೇರೆ ಯಾರಿಗಾದರೂ ಕೊಟ್ಟಿದ್ದರೆ ನಡೆದುಹೋಗುತ್ತಿತ್ತೋ ಏನೋ. ಮೂವತ್ತು ವರ್ಷ ಇದನ್ನೇ ಮಾಡಿದವನಿಗೆ ಸೈಜಿನ ಕಥೆ ಹೇಳುವುದೆಂದರೆ ಏಲಕ್ಕಿ ವ್ಯಾಪಾರಿಗೆ ಹುಣಸೆಬೀಜ ತೋರಿಸಿದ ಹಾಗೆ. ನಾನು ಬೈಯಲಿಲ್ಲ. ಬಾಯಿ ತೆರೆದರೆ ಅಂಗಡಿಯ ಆಳುಗಳ ಮುಂದೆ ಏನು ಹೊರಬರುತ್ತಿತ್ತೋ ಗೊತ್ತಿಲ್ಲ. ಫೋನು ತೆಗೆದು ಮೂಲ ಚಿತ್ರವನ್ನು ಅವನ ಮುಂದೆ ಹಿಡಿದೆ. ಕೆಳಗಿನ ತಟ್ಟೆಗಳನ್ನು ಬಿಟ್ಟೆ, ಮೇಲಿನ ತೋರಣವನ್ನು ಬಿಟ್ಟೆ. ಕಂಬ ಒಳಗೇ ಉಳಿಯಿತು, ಉಳಿಯಲಿ. ಅಡ್ಡ ಚೌಕಟ್ಟಿನಲ್ಲಿ ಬೊಮ್ಮಕ್ಕ, ರುಮಾಲು, ಮಗು, ಸೆಲ್ವಿ, ಆಸಾರಿಯ ಬೆರಳು ಎಲ್ಲವೂ ನೆಮ್ಮದಿಯಾಗಿ ಕೂತವು. ಎಷ್ಟು ಹೊತ್ತು ಬೇಕಾಯಿತು ಎಂದು ಕೇಳಬೇಡಿ. ಪಕ್ಕದವನು ಜರಡಿಯನ್ನು ಒಮ್ಮೆ ಆಡಿಸಿ ನಿಲ್ಲಿಸಿದ್ದ, ಅಷ್ಟೇ.

ತಮ್ಮ ನೋಡಿದ. ಆಳುಗಳನ್ನು ಚಹಾಕ್ಕೆ ಕಳಿಸಿದ. ಆಮೇಲೆ ದನಿ ತಗ್ಗಿಸಿದ.

"ಕ್ಯಾಲೆಂಡರ್ ರಾಜೇಂದ್ರನ್ ಅವರ ಖರ್ಚಿಂದು ಅಣ್ಣಾ. ಅಂದು ಮಣೆ ಸಿಗಲಿಲ್ಲ ಅಂತ ಅವರಿಗೆ ಮನವರುತ್ತಂ, ಬ್ಯಾಸರ. ಹೆಣ್ಣಾಳು ರುಮಾಲು ಕಟ್ಕಂಡು ಮಾಮನ ಜಾಗದಾಗೆ ಕುಂತದ್ದು ಮನೆಯೊಳಗೆ ಇರ್ಲಿ. ಊರೂರ ಗೋಡೆ ಮ್ಯಾಲೆ ಯಾಕೆ?"

"ಗೋಡೆ ಮ್ಯಾಲೆ ಅವಳ ಕೈ ಐತಲ್ಲೋ."

"ಅದು ಯಾರ ಕೈ ಅಂತ ಯಾರಿಗಣ್ಣಾ ತಿಳೀತದೆ?"

ಸಿಟ್ಟು ಎಂದರೆ ರಕ್ತ ಕುದಿಯುವುದು ಎಂದು ಬರೆಯುವ ಅಡಿಬರಹಗಳನ್ನು ನಾನು ಹೊಡೆದುಹಾಕುತ್ತೇನೆ. ಅಂದು ನಾನು ಮಾಡಿದ್ದನ್ನೇ ಹೇಳುವುದಾದರೆ, ಹಾಳೆಯನ್ನು ಬೆಳಕಿಗೆ ಹಿಡಿದು ಆ ಕೈ ಮುಗಿಯುವ ಗೆರೆಯನ್ನು ಮತ್ತೆ ನೋಡಿದೆ. ಆ ಕೈಯನ್ನು ಅವರು ಮರೆತು ಬಿಟ್ಟಿರಲಿಲ್ಲ. ಕೈಯೇ ಇಲ್ಲದಿದ್ದರೆ ಮಡಿಲೂ ಇರುವುದಿಲ್ಲ, ಮಾವನೂ ಇರುವುದಿಲ್ಲ. ಬಳೆಯಿಲ್ಲದ, ಗೆಣ್ಣು ದಪ್ಪಗಾದ, ಗಂಡಸಿನ ಗಡಿಯಾರ ಕಟ್ಟಿದ ಕೈ ಗಂಡಸಿನದೆಂದು ನಡೆದುಹೋಗುತ್ತದೆ ಎಂದು ಅಳತೆ ಹಾಕಿಯೇ ಗೆರೆ ಎಳೆದಿದ್ದರು. ಸೀರೆ ಶುರುವಾಗುವ ಜಾಗಕ್ಕೆ ಕೂದಲೆಳೆಯಷ್ಟು ಮೊದಲು ಚಿತ್ರ ಮುಗಿದಿದೆ. ಅವಳು ದುಡಿದು ಆ ಕೈಯನ್ನು ಹಾಗೆ ಮಾಡಿಕೊಂಡದ್ದು ರಾಜೇಂದ್ರನ್ ಅವರಿಗೆ ಅನುಕೂಲವಾಯಿತು. ಅವರ ಸ್ವಂತ ಕೈಯನ್ನು ನಾನು ಎಷ್ಟೋ ಚಿತ್ರಗಳಲ್ಲಿ ನೋಡಿದ್ದೇನೆ. ಮೂರು ಉಂಗುರ, ಮೆತ್ತನೆಯ ಬೆರಳು.

ಪತ್ರಿಕೆಯಲ್ಲಿ ಅಡಿಬರಹ ತಪ್ಪಿದರೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಹಾಕುತ್ತೇವೆ. ಹಾಗಾಗಿ ಸಂಘದ ಕಚೇರಿಗೂ ಹೋಗಿ ಕೇಳಿದೆ. ಅಲ್ಲಿದ್ದವರು ತುಂಬ ಮರ್ಯಾದೆಯಿಂದ ಕೂರಿಸಿದರು, ಚಹಾ ತರಿಸಿದರು. ಕ್ಯಾಲೆಂಡರಿಗೆ ಎಲ್ಲಿಯ ತಿದ್ದುಪಡಿ, ಡಿಸೆಂಬರ್ ಆದರೆ ತಾನೇ ಹರಿದುಹೋಗುತ್ತದೆ ಎಂದರು. ನಾನು ನಾಲ್ಕನೆಯ ಮುಖದ ಅಣ್ಣಂದಿರಿಗೆ ಚಹಾ ಕೊಡುವಾಗ ಹೇಗೆ ಕಾಣುತ್ತೇನೆಂದು ಅಂದು ತಿಳಿಯಿತು.

ಫೆಬ್ರುವರಿಯಲ್ಲಿ ಓಡೈಪಟ್ಟಿಗೆ ಹೋದಾಗ ದ್ರಾಕ್ಷಿ ಕೊಯ್ಲು ನಡೆದಿತ್ತು. ಚಪ್ಪರದ ಕೆಳಗೆ ಹೆಂಗಸರು ಗೊಂಚಲು ಕತ್ತರಿಸಿ ಕ್ರೇಟಿಗೆ ತುಂಬುತ್ತಿದ್ದರು. ಬೊಮ್ಮಕ್ಕ ತೂಕದ ಶೆಡ್ಡಿನಲ್ಲಿದ್ದಳು. ಕ್ಯಾಲೆಂಡರು ಅವಳಿಗೂ ಬಂದಿತ್ತು. ಮೇ ತಿಂಗಳನ್ನು ಮೇಲಕ್ಕೆ ತಿರುಗಿಸಿ ಮೊಳೆಗೆ ಹಾಕಿದ್ದಳು. ನಾನು ಅದರ ಮುಂದೆ ಹೋಗಿ ನಿಂತೆ. ಅವಳೇ ಶುರುಮಾಡಿದಳು.

"ಕೈಯಾದ್ರೂ ಬುಟ್ಟವ್ರಲ್ಲ ಬಾವಾ. ಅದೂ ಇಲ್ದಿದ್ರೆ ಕೂಸು ಬಿದ್ದೋಗ್ತಿತ್ತು."

ಹೆಂಗಸರು ನಕ್ಕರು. ಅವಳೂ ನಕ್ಕಳು. ಒಂದು ಕ್ರೇಟು ತೂಗಿ ಕೆಳಗಿಳಿಸಿದ ಮೇಲೆ ನಗು ಇರಲಿಲ್ಲ.

"ಈಗ ಕೂಸಿಗೆ ಈ ಕೈ ಗೊತ್ತು. ನಾಳೆ ಅದು ದೊಡ್ಡೋಳಾಗ್ತದೆ. ಸೀರು ಹೊತ್ಕಂಡು ನಾ ಮನೆ ವಾಸಲಿಗೆ ಹೋಗಿ ನಿಂತ್ರೆ, ನೀ ಯಾರು ಅಂತ ಕೇಳ್ತಾರೆ. ಅವ್ರು ಈ ಹಾಳೆ ತೋರಿಸ್ತಾರೆ. ನಾ ಏನ ತೋರಿಸ್ಲಿ?"

ನನ್ನ ಹತ್ತಿರ ಪೂರ್ತಿ ಚಿತ್ರವಿದೆ, ಕುಗ್ಗಿಸದ್ದು, ಕತ್ತರಿಸದ್ದು, ಎಂದೆ. ವಾಟ್ಸ್ಯಾಪಿನಲ್ಲಿ ಹೋದದ್ದು ಅರ್ಧ ಜೀವ ಕಳೆದುಕೊಂಡಿರುತ್ತದೆ, ದೊಡ್ಡದು ಮಾಡಿದರೆ ಇಟ್ಟಿಗೆ ಇಟ್ಟಿಗೆಯಾಗಿ ಒಡೆಯುತ್ತದೆ. ನನ್ನದು ಹಾಗಲ್ಲ ಎಂದು ವಿವರಿಸಿದೆ. ಅವಳಿಗೆ ಬೇಕಾದದ್ದು ಆ ವಿವರ ಅಲ್ಲ. ಯಾವ ಸೈಜು ಬೇಕು ಎಂದು ಕೇಳಿದಾಗ ಎರಡು ತೋಳನ್ನೂ ಚಾಚಿ ತೋರಿಸಿದಳು. ಅಷ್ಟಗಲ.

ದಿಂಡಿಗಲ್ಲಿನಲ್ಲಿ ಪ್ರಿಂಟ್ ಹಾಕಿಸಿದೆ. ಪ್ರಿಂಟಿನವನು ಎಡಗಡೆ ಕಂಬ ತೆಗೆದುಬಿಡೋಣವೇ ಸಾರ್ ಎಂದು ಕೇಳಿದ. ಕಂಬವೂ ಅಲ್ಲಿತ್ತು, ಇರಲಿ ಎಂದೆ. ಅಚ್ಚಿಗೆ ಕೊಟ್ಟ ಚಿತ್ರದಲ್ಲಿ ನಾನು ಕಂಬವೊಂದನ್ನು ಉಳಿಸಿದ್ದು ಅದೇ ಮೊದಲು. ಈಗ ಆ ಚಿತ್ರ ಓಡೈಪಟ್ಟಿಯ ತೂಕದ ಶೆಡ್ಡಿನಲ್ಲಿ, ತಕ್ಕಡಿಯ ಮೇಲುಗಡೆ ಇದೆ. ಹಣ್ಣು ಕೊಳ್ಳಲು ಬರುವವರು ತೂಕ ನೋಡಬೇಕಾದರೆ ಅದನ್ನೂ ನೋಡಬೇಕು. ಆದರೆ ಒಂದು ಶೆಡ್ಡಿಗೆ ಬರುವವರು ಎಷ್ಟು ಮಂದಿ? ಕ್ಯಾಲೆಂಡರು ಕಂಬಮ್ಮಿನಿಂದ ವೇದಸಂದೂರಿನವರೆಗೆ ನಮ್ಮವರ ಮನೆಮನೆಯಲ್ಲೂ ತೂಗುತ್ತಿದೆ.

ಈ ಎಲ್ಲದರ ನಡುವೆ ಸೆಲ್ವಿ ಮಾತಾಡಿರಲಿಲ್ಲ. ಒಂದು ಕಡೆ ಗಂಡ, ಒಂದು ಕಡೆ ಅಕ್ಕ. ಅವಳು ನನ್ನೊಡನೆ ಆಡುವುದೇ ತಮಿಳಿನಲ್ಲಿ. ಮನೆಮಾತು ಕೇಳಿದರೆ ತಿಳಿಯುತ್ತದೆ, ಆಡಲು ತಡವರಿಸುತ್ತಾಳೆ. ಮೇ ಒಂದರಂದು ಮನೆಮನೆಯಲ್ಲಿ ಹಾಳೆ ತಿರುಗಿತು. ಅಂದು ಮಧ್ಯಾಹ್ನ ಅವಳಿಂದ ಫೋನು ಬಂತು. ಮಾತು ಕನ್ನಡದಲ್ಲಿತ್ತು.

"ಬಾವಾ, ಆ ಪೂರಾ ಪಟ ನಂಗೆ ಕಳ್ಸಿ. ಡಿಪಿ ಇಡ್ಬೇಕು."

ಕಳಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು.

"ವಟ್ಟದೊಳಗೆ ಎಲ್ಲಾರೂ ಹಿಡಿಯಲ್ಲ ಬಾವಾ. ಮಗೂನ ಇಟ್ರೆ ಅಕ್ಕ ಹೋಗ್ತಾಳೆ. ಅಕ್ಕನ ಇಟ್ರೆ ಮಗು ಹೋಗ್ತದೆ."

ದುಂಡಗಿನ ಚೌಕಟ್ಟಿನ ಕಷ್ಟವೇ ಅದು. ಯಾರನ್ನು ಬಿಡಬೇಕೆಂದು ನಾನು ಹೇಳಲಿಲ್ಲ. ಎರಡು ಬೆರಳಲ್ಲಿ ಹಿಗ್ಗಿಸಿ, ಒಂದು ಬೆರಳಲ್ಲಿ ಎಳೆದು, ಬೇಕಾದದ್ದು ನಡುವೆ ಬಂದಾಗ ಬಿಡು ಎಂದು ಮಾತ್ರ ಹೇಳಿದೆ. ಸರಿ ಬಾವಾ ಎಂದು ಇಟ್ಟಳು. ಸಂಜೆ ಸಂಘದ ಹೆಂಗಸರ ಗುಂಪಿಗೆ ಅವಳು ಏನೋ ಕಳಿಸಿದ್ದನ್ನು ನನ್ನ ಹೆಂಡತಿ ತೋರಿಸಿದಳು. ಸೆಲ್ವಿಯ ಹೆಸರಿನ ಪಕ್ಕ, ದುಂಡಿನೊಳಗೆ, ಕೆಂಪಂಚಿನ ರುಮಾಲು ಕಟ್ಟಿದ ಬೊಮ್ಮಕ್ಕ ಇದ್ದಳು. ಮಗು ಇರಲಿಲ್ಲ.

ಕಳೆದ ಭಾನುವಾರ ನಾನು ತೇಣಿಯಲ್ಲಿ ತಮ್ಮನ ಮನೆಯಲ್ಲಿದ್ದೆ. ಸೆಲ್ವಿ ಮಗುವನ್ನು ಕರೆದುಕೊಂಡು ಓಡೈಪಟ್ಟಿಗೆ ಹೋಗಿದ್ದಳು. ಮುಂದಿನ ವರ್ಷದ ಕ್ಯಾಲೆಂಡರಿನ ಮಾತಾಡಲು ರಾಜೇಂದ್ರನ್ ಬಂದು ಸೋಫಾದ ಮೇಲೆ ಕೂತಿದ್ದರು. ತಮ್ಮನ ಫೋನು ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಸೆಲ್ವಿಯ ವಾಟ್ಸ್ಯಾಪ್ ಕರೆ ಬಂತು. ಪರದೆಯ ನಡುವೆ ದುಂಡನೆಯ ಚಿತ್ರ ಬೆಳಗಿತು.

ರಾಜೇಂದ್ರನ್ ಬಗ್ಗಿ ನೋಡಿದರು. ಇದು ಯಾರಪ್ಪ ಎಂದು ತಮಿಳಿನಲ್ಲಿ ಕೇಳಿದರು.

ತಮ್ಮ ನನ್ನ ಕಡೆ ನೋಡಿದ. ಫೋನಿನ ಕಡೆ ನೋಡಿದ. ಅದನ್ನು ಬೋರಲು ಹಾಕಲಿಲ್ಲ. ಕೂಸಿನ ಮಾಮ ಎಂದು ಹೇಳಿ, ಎತ್ತಿಕೊಂಡು ಒಳಕ್ಕೆ ಹೋದ.

ಇಂದು ಬೆಳಗ್ಗೆ ನೋಡಿದೆ. ಸೆಲ್ವಿಯ ಡಿಪಿ ಬದಲಾಗಿಲ್ಲ.